ಕೆದ್ಲಾಯರು ಹಿಡಿದ ಸೂತಕ

ರುಚಿ ನೋಡದೆ ಅಡುಗೆ ಮಾಡುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ರಾಮದಾಸ ಕೆದ್ಲಾಯರಿಗೆ ಒಲಿದಿತ್ತು. ಉಡುಪಿ ಕಡೆಯ ಹಿರಿಯಡಕದಿಂದ ಹತ್ತೊಂಬತ್ತನೆಯ ವಯಸ್ಸಿಗೆ ಮದರಾಸಿಗೆ ಬಂದವರು, ಮೊದಲು ಎರಡು ವರ್ಷ ಹೋಟೆಲೊಂದರಲ್ಲಿ ಇಡ್ಲಿ ಬೇಯಿಸಿದರು. ಅಲ್ಲಿ ಮಡಿಯೂ ಇಲ್ಲ, ಮೈಲಿಗೆಯೂ ಇಲ್ಲ, ಬಂದವನಿಗೆ ಬಡಿಸಿದರಾಯಿತು. ಅದು ಅವರ ಜಾಯಮಾನಕ್ಕೆ ಒಗ್ಗಲಿಲ್ಲ. ತಿರುವಲ್ಲಿಕೇಣಿಯ ಕನ್ನಡ ಮನೆಗಳಿಗೆ ಶ್ರಾದ್ಧದ ಅಡುಗೆಗೆ ಹೋಗತೊಡಗಿದರು, ಅದರಲ್ಲೇ ನೆಲೆ ನಿಂತರು.

ಶ್ರಾದ್ಧದ ಅಡುಗೆಯೆಂದರೆ ಸತ್ತ ಹಿರಿಯರಿಗೆ ವರ್ಷಕ್ಕೊಮ್ಮೆ ಹಾಕುವ ಊಟ. ಅವರ ಪರವಾಗಿ ಬ್ರಾಹ್ಮಣರು ಕುಳಿತು ಉಣ್ಣುವವರೆಗೆ ಅಡುಗೆಯವನು ನಾಲಗೆಗೆ ಒಂದು ತೊಟ್ಟು ಮುಟ್ಟಿಸುವಂತಿಲ್ಲ, ಮೂಸಿ ನೋಡುವಂತೆಯೂ ಇಲ್ಲ. ಹಾಗಾದರೆ ಉಪ್ಪು ಹೆಚ್ಚೋ ಕಮ್ಮಿಯೋ ತಿಳಿಯುವುದು ಹೇಗೆ? ಕಣ್ಣಿನಿಂದ. ಅಂಗೈಯಲ್ಲಿ ಕಲ್ಲುಪ್ಪು ಹಿಡಿದು ಒಮ್ಮೆ ದಿಟ್ಟಿಸಿದರೆ ಕೆದ್ಲಾಯರಿಗೆ ಅದು ಎಷ್ಟು ಎಲೆಗೆ ಸಾಕೆಂದು ತಿಳಿಯುತ್ತಿತ್ತು. ಸಾರು ಕುದಿಯುವಾಗ ನೊರೆ ಏಳುವ ಬಗೆ ನೋಡಿ ಹುಳಿ ಹೇಳುತ್ತಿದ್ದರು, ಬಣ್ಣ ನೋಡಿ ಮೆಣಸು ಹೇಳುತ್ತಿದ್ದರು. ಇಪ್ಪತ್ತೇಳು ವರ್ಷ ಒಂದು ಸಲವೂ ತಪ್ಪಿರಲಿಲ್ಲ. ಆ ಬಗ್ಗೆ ಅವರಿಗೆ ಜಂಬವಿತ್ತು, ಇಲ್ಲವೆನ್ನಲು ನಾವ್ಯಾರು?

ಇಷ್ಟೆಲ್ಲ ನೋಡುತ್ತಿದ್ದದ್ದು ಒಂದೇ ಕಣ್ಣು. ಏಳನೆಯ ವಯಸ್ಸಿನಲ್ಲಿ ಸಿಡುಬೆದ್ದು ಎಡಗಣ್ಣು ಒಣಗಿ ಒಳಗೆ ಸೇರಿಹೋಗಿತ್ತು. ಉಳಿದದ್ದು ಬಲಗಣ್ಣು.

ಸಾವಿರದ ಒಂಬೈನೂರ ಐವತ್ತಾರರ ಆಷಾಢದಲ್ಲಿ ಅದಕ್ಕೂ ಗ್ರಹಚಾರ ಕಾದಿತ್ತು. ಪಾರ್ಥಸಾರಥಿ ಗುಡಿಯ ಹಿಂದಿನ ಬೀದಿಯಲ್ಲಿ ಶಾರದಮ್ಮನವರ ಮನೆ, ಅವರ ಗಂಡನ ತಿಥಿ. ಆ ಮನೆಯ ಒಲೆಯ ಮುಂದೆ ಕೆದ್ಲಾಯರನ್ನು ಬಿಟ್ಟು ಬೇರೆಯವರು ನಿಂತದ್ದೇ ಇಲ್ಲ. ಉದ್ದಿನ ಹಿಟ್ಟಿನೊಳಗೆ ಗಾಳಿ ಸಿಕ್ಕಿಕೊಂಡರೆ ವಡೆ ಸಿಡಿಯುತ್ತದೆ, ಅಡುಗೆಯವರಿಗೆಲ್ಲ ಗೊತ್ತಿದ್ದದ್ದೇ. ಅಂದು ಸಿಡಿದ ವಡೆ ಕಾದ ಎಣ್ಣೆಯನ್ನು ನೇರ ಬಲಗಣ್ಣಿಗೆ ಎರಚಿತು. ಒಲೆ ಬಿಟ್ಟು ಹೊರಗೆ ಬಂದರೆ ಮಡಿ ಕೆಡುತ್ತದಲ್ಲ! ಆ ಮನುಷ್ಯ ಕಣ್ಣು ಮುಚ್ಚಿಕೊಂಡೇ, ಎಣ್ಣೆಯ ಸದ್ದು ಕೇಳಿಕೊಂಡೇ, ಉಳಿದ ವಡೆಗಳನ್ನೂ ಕರಿದು ಮುಗಿಸಿದರು.

ಮನೆಗೆ ಬಂದ ಮೇಲೆ ಹೆಂಡತಿ ನಾಗಮಣಿ ನಂದಿಬಟ್ಟಲ ಹೂವಿನ ರಸ ಹಿಂಡಿದಳು. ಬೀದಿಯ ಬಾಣಂತಿಯೊಬ್ಬಳಿಂದ ಎದೆಹಾಲು ಬೇಡಿ ತಂದಳು. ಮಂತ್ರಾಲಯದ ಮೃತ್ತಿಕೆಯನ್ನು ರೆಪ್ಪೆಗೆ ಹಚ್ಚಿದ್ದೂ ಆಯಿತು. ಮಹಡಿ ಮೇಲಿನ ಬಾಡಿಗೆದಾರ ಕೃಷ್ಣರಾಜ ಆಸ್ಪತ್ರೆಗೆ ಬನ್ನಿ ಎಂದು ನಾಲ್ಕು ಸಲ ಕರೆದ. ಅಲ್ಲಿ ಯಾರ್ಯಾರೋ ಮುಟ್ಟುತ್ತಾರೆಂದು ಇವರು ಹೋಗಲಿಲ್ಲ. ನಾಲ್ಕು ತಿಂಗಳಲ್ಲಿ ಕಣ್ಣಿಗೆ ಹೂ ಬಿತ್ತು, ಕರಿಯ ಗುಡ್ಡೆಯ ಮೇಲೆ ಹಾಲಿನ ಕೆನೆ ಕಟ್ಟಿದ ಹಾಗೆ. ಹೂ ಎಲ್ಲರಿಗೂ ಕಾಣುತ್ತಿತ್ತು, ನೋಟ ಪೂರ್ತಿ ಹೋದದ್ದು ಮಾತ್ರ ಮನೆಯ ಹೊರಗೆ ಗೊತ್ತಿರಲಿಲ್ಲ.

ಆಮೇಲೆ ಒಂದು ವರ್ಷ ಗಂಡಹೆಂಡಿರು ಸೇರಿ ಊರಿಗೆಲ್ಲ ಸುಳ್ಳು ಹೇಳಿದರು. ಬಾಯಿಂದಲ್ಲ, ಕೈಯಿಂದ. ತರಕಾರಿ ಹೆಚ್ಚಿಕೊಡುವ ನೆಪದಲ್ಲಿ ನಾಗಮಣಿಯೂ ಮಡಿಯುಟ್ಟು ಜೊತೆಗೆ ಹೋಗುತ್ತಿದ್ದಳು. ಉಪ್ಪು ಅವಳು ನೋಡುವಳು, ಬಣ್ಣ ಅವಳು ಹೇಳುವಳು, ಸೌಟು ಮಾತ್ರ ಇವರ ಕೈಯಲ್ಲಿ. ಎಷ್ಟು ದಿನ ನಡೆದೀತು?

ಬಯಲಾದದ್ದು ರಷ್ಯಾದವರಿಂದ. ಐವತ್ತೇಳರ ಅಕ್ಟೋಬರಿನಲ್ಲಿ ಅವರು ಆಕಾಶಕ್ಕೆ ಉಪಗ್ರಹ ಹಾರಿಸಿದರಲ್ಲ, ಸಂಜೆ ಸೂರ್ಯ ಮುಳುಗಿದೊಡನೆ ಬೀದಿಗೆ ಬೀದಿಯೇ ತಾರಸಿ ಹತ್ತಿ ನಿಲ್ಲುತ್ತಿತ್ತು. ಕೃಷ್ಣರಾಜನಿಗಂತೂ ಮಗಳ ಮದುವೆಯಷ್ಟು ಸಡಗರ. ಮೈಸೂರಿನ ಕಡೆಯವನು, ಜೀವವಿಮೆ ಆಫೀಸಿನಲ್ಲಿ ಗುಮಾಸ್ತ, ದೇವರಿಲ್ಲವೆಂದು ವಾದ ಮಾಡುವುದೆಂದರೆ ಊಟ ಬಿಟ್ಟಾನು. ತಾಯಿಯ ಅಸ್ಥಿಯನ್ನು ಮಾತ್ರ ಶ್ರೀರಂಗಪಟ್ಟಣಕ್ಕೆ ತಾನೇ ಒಯ್ದು ಬಿಟ್ಟು ಬಂದಿದ್ದ. ಆ ಮಾತೆತ್ತಿದರೆ ಸಿಡುಕುತ್ತಿದ್ದ.

"ಅಗೋ ಬಂತು! ಕೆದ್ಲಾಯರೇ, ನೋಡಿ! ಮನುಷ್ಯ ಮಾಡಿದ ನಕ್ಷತ್ರ ಕಣ್ರೀ, ನಿಮ್ಮ ದೇವರು ಮಾಡಿದ್ದಲ್ಲ!"

"ಹೌದು ಮಾರಾಯ್ರೆ, ಎಷ್ಟು ಚಂದ ಹೊಳೀತದೆ," ಎಂದರು ಕೆದ್ಲಾಯರು, ಸಮುದ್ರದ ಕಡೆ ಮುಖ ಮಾಡಿ.

ನಕ್ಷತ್ರ ಹೋಗುತ್ತಿದ್ದದ್ದು ಅವರ ಬೆನ್ನ ಹಿಂದೆ. ಕೃಷ್ಣರಾಜ ಅವರ ಮುಖದ ಮುಂದೆ ಮೂರು ಬೆರಳು ಆಡಿಸಿದ. ಕೆದ್ಲಾಯರ ರೆಪ್ಪೆ ಬಡಿಯಲಿಲ್ಲ. ಅವನು ಯಾರಿಗೂ ಏನೂ ಹೇಳದೆ ಅವರ ಕೈ ಹಿಡಿದು ಮೆಟ್ಟಿಲಿಳಿಸಿದ. ಮರುದಿನ ಆಫೀಸಿಗೆ ರಜೆ ಹಾಕಿ, ಬೈದು ಬುದ್ಧಿ ಹೇಳಿ, ಗಾಡಿಯಲ್ಲಿ ಕೂರಿಸಿಕೊಂಡು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದ.

ಆಸ್ಪತ್ರೆಯ ಡಾಕ್ಟರು ತಮಿಳರು, ಸಾವಧಾನದ ಮನುಷ್ಯ. ಪರೀಕ್ಷೆ ಮಾಡಿ, ಕಣ್ಣಿನ ಒಳಗೆಲ್ಲ ಸರಿಯಿದೆ ಎಂದರು. ಕೆಟ್ಟಿರುವುದು ಮುಂದಿನ ಪಾರದರ್ಶಕ ಪೊರೆ ಮಾತ್ರ; ಗಡಿಯಾರದ ಗಾಜು ಮಬ್ಬಾದರೆ ಗಾಜನ್ನಷ್ಟೇ ಬದಲಾಯಿಸುವುದಿಲ್ಲವೇ, ಹಾಗೆ.

"ಗಾಜು ಎಲ್ಲಿಂದ ತರ್ತೀರಿ?" ಕೆದ್ಲಾಯರು ತಮ್ಮ ಹರಕು ತಮಿಳಿನಲ್ಲಿ ಕೇಳಿದರು.

"ಸತ್ತವರ ಕಣ್ಣಿನಿಂದ."

ಕೆದ್ಲಾಯರು ಎದ್ದು ನಿಂತುಬಿಟ್ಟರು. ಮನೆಗೆ ಬಂದು ಬಾವಿಕಟ್ಟೆಯಲ್ಲಿ ತಲೆಗೆ ನೀರು ಹೊಯ್ದುಕೊಂಡು ಒಳಗೆ ಬಂದರು.

ಮೂರು ದಿನ ಅವರು ಕಂಬಕ್ಕೊರಗಿ ಕುಳಿತು ಅದನ್ನೇ ಯೋಚಿಸಿದರು. ಕಣ್ಣಿಲ್ಲದೆ ಒಲೆಯಿಲ್ಲ. ಹೆಣದ ಕಣ್ಣು ಹಾಕಿಸಿಕೊಂಡರೆ ಮಡಿಯಿಲ್ಲ, ಮಡಿಯಿಲ್ಲದವನಿಗೆ ಒಲೆಯೂ ಇಲ್ಲ. ಅತ್ತ ದರಿ, ಇತ್ತ ಪುಲಿ. ಲೋಕ ನೋಡಬೇಕೆಂಬ ಆಸೆ ಅವರಿಗೆ ಅಷ್ಟಾಗಿ ಇರಲಿಲ್ಲ. ಮದರಾಸಿನಲ್ಲಿ ನೋಡುವುದಕ್ಕಾದರೂ ಏನಿತ್ತು, ಸಮುದ್ರ ಒಂದು ಬಿಟ್ಟರೆ? ಒಲೆಯ ಮುಂದೆ ಮತ್ತೆ ನಿಲ್ಲಬೇಕು, ಅಷ್ಟೇ. ಅದಿಲ್ಲದ ರಾಮದಾಸ ಕೆದ್ಲಾಯ ಯಾರೆಂದು ಅವರಿಗೇ ಗೊತ್ತಿರಲಿಲ್ಲ.

ನಾಗಮಣಿಗೆ ತಾಳ್ಮೆ ಮೀರಿತು.

"ಅಲ್ಲ, ಶಂಖದಲ್ಲಿ ದೇವರಿಗೆ ಅಭಿಷೇಕ ಮಾಡ್ತೀರಲ್ಲ, ಅದು ಸತ್ತ ಹುಳದ ಚಿಪ್ಪು ಅಲ್ವಾ? ಆಚಾರ್ಯರು ಕೃಷ್ಣಾಜಿನದ ಮೇಲೆ ಕೂತು ಜಪ ಮಾಡ್ತಾರೆ. ಆ ಜಿಂಕೆ ಎಲ್ಲಿಯಾದ್ರೂ ಮೇಯ್ತಾ ಉಂಟಾ?"

"ಅದಕ್ಕೆ ಶಾಸ್ತ್ರ ಉಂಟು ಮಾರಾಯ್ತಿ."

"ಇದಕ್ಕೂ ಇರ್ತದೆ. ನಿಮಗೆ ಗೊತ್ತಿಲ್ಲ ಅಷ್ಟೇ. ಮೊದಲು ಕಣ್ಣು ಬರಲಿ, ಆಮೇಲೆ ಹುಡುಕಿ ಓದುವಾ."

ಆ ಮಾತು ಕೆದ್ಲಾಯರಿಗೆ ಹಿಡಿಸಿತು. ಶಾಸ್ತ್ರವೆಂಬುದು ದೊಡ್ಡ ಉಗ್ರಾಣ, ಹುಡುಕಿದರೆ ಏನಾದರೂ ಸಿಕ್ಕೀತು ಎಂಬ ನಂಬಿಕೆ ಅವರದೂ ಆಗಿತ್ತು. ಒಪ್ಪಿಕೊಂಡರು.

ಐವತ್ತೆಂಟರ ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆಗೆಲ್ಲ ಹೊಲಿದ ಪೊರೆ ಕೂಡಿಕೊಳ್ಳುವವರೆಗೆ ತಲೆ ಅಲುಗಿಸುವಂತಿರಲಿಲ್ಲ. ಕೆದ್ಲಾಯರ ತಲೆಯ ಎರಡು ಪಕ್ಕಕ್ಕೂ ಮರಳಿನ ಚೀಲ ಇಟ್ಟು ಅಂಗಾತ ಮಲಗಿಸಿದರು. ಕೆಮ್ಮಬಾರದು, ಸೀನಬಾರದು, ಸ್ನಾನದ ಮಾತೇ ಇಲ್ಲ. ಗಂಜಿಯನ್ನು ನಾಗಮಣಿ ಮನೆಯಿಂದ ತಂದು ಚಮಚದಲ್ಲಿ ಬಿಡುತ್ತಿದ್ದಳು. ಮಿಕ್ಕ ಹೊತ್ತು ನೋಡಿಕೊಳ್ಳುತ್ತಿದ್ದವಳು ಬೇಬಿ ಎಂಬ ನರ್ಸು, ಕೋಟ್ಟಯಂ ಕಡೆಯ ಕ್ರಿಶ್ಚಿಯನ್ ಹೆಂಗಸು. ಅವಳ ಮುಖ ಕೆದ್ಲಾಯರು ನೋಡಿರಲೇ ಇಲ್ಲ, ದನಿ ಮಾತ್ರ ಗೊತ್ತು.

ಮೊದಲ ದಿನ ಸಂಜೆಯೇ ಕೆದ್ಲಾಯರು ಅವಳನ್ನು ಕೇಳಿದರು: ಸತ್ತವರು ಯಾರು?

ಹೆಸರು ಹೇಳಬಾರದು ಎಂದಳು ಬೇಬಿ. ಇವರು ಬಿಡಲಿಲ್ಲ. ಕಡೆಗೆ ಅವಳು ಹೇಳಿದ್ದಿಷ್ಟು: ಒಬ್ಬಳು ಮುದುಕಿ. ಬೇರೆ ಆಸ್ಪತ್ರೆಯಲ್ಲಿ ನಿನ್ನೆ ತೀರಿಕೊಂಡಳು. ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲ. ಕಣ್ಣು ಬೇಕಿದ್ದವರಿಗೆ ಕೊಡಿ ಎಂದು ಬದುಕಿದ್ದಾಗಲೇ ಹೆಬ್ಬೆಟ್ಟು ಒತ್ತಿ ಕೊಟ್ಟಿದ್ದಳು.

"ಮಕ್ಕಳಿಲ್ವಾ? ಕರ್ಮ ಮಾಡುವವರು?"

"ಯಾರೂ ಇಲ್ಲವಂತೆ ಐಯರೇ. ತಲೈ ಅಸೈಕ್ಕಾದೀಂಗೊ," ಎಂದು ತಲೆ ಅಲುಗಿಸದಂತೆ ಗದರಿಸಿ ಹೋದಳು.

ಕೆದ್ಲಾಯರು ಕತ್ತಲಿನಲ್ಲಿ ಮಲಗಿ ಲೆಕ್ಕ ಹಾಕಿದರು. ಜೀವಮಾನವೆಲ್ಲ ಊರಿನವರ ತಂದೆ ತಾಯಿಗಳಿಗೆ, ಅಜ್ಜ ಮುತ್ತಜ್ಜಂದಿರಿಗೆ ಬೇಯಿಸಿ ಹಾಕಿದ್ದೇನೆ. ಈ ಮುದುಕಿಗೆ ಒಂದು ತುತ್ತು ಇಡುವವರಿಲ್ಲ. ಅವಳ ದೇಹದ ಒಂದು ಚೂರು ನನ್ನ ದೇಹದಲ್ಲಿ ಬದುಕಬೇಕು. ಅಂದಮೇಲೆ ನಾನು ಅವಳಿಗೆ ಏನಾದ ಹಾಗಾಯಿತು? ಯಾರ ಮನೆಯಲ್ಲಾದರೂ ಇಂಥ ಸಂಬಂಧಕ್ಕೆ ಹೆಸರಿದೆಯೇ?

ಮರುದಿನ ನಾಗಮಣಿ ಗಂಜಿ ತಂದಾಗ, "ನನಗೆ ಸೂತಕ," ಎಂದರು.

"ಅಯ್ಯೋ! ಯಾರು ಹೋದದ್ದು?"

"ಅಜ್ಜಿ. ಕಣ್ಣಿನ ಅಜ್ಜಿ. ಹತ್ತು ದಿನ."

ನಾಗಮಣಿ ಚಮಚವನ್ನು ಗಂಜಿಯ ಪಾತ್ರೆಯಲ್ಲಿಟ್ಟಳು. ಆಮೇಲೆ ಅವಳಿಗೆ ಬಂದ ಸಂಶಯ ಸರಿಯಾದದ್ದೇ. "ಹಾಗಾದ್ರೆ ನನಗೂ ಸೂತಕ ಅಲ್ವಾ? ಗಂಡನಿಗಿದ್ದದ್ದು ಹೆಂಡತಿಗೂ."

"ಹೌದಲ್ಲ," ಎಂದರು ಕೆದ್ಲಾಯರು.

ಎಡವಟ್ಟಾದದ್ದು ಇಲ್ಲೇ. ಸುಮ್ಮನಿದ್ದಿದ್ದರೆ ಯಾವ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಕಣ್ಣಿಗೆ ಆಪರೇಷನ್ ಎಂದರೆ ಮುಗಿಯುತ್ತಿತ್ತು. ಇವರೋ ನೇಮದ ಜನ. ನಾಗಮಣಿ ದೇವರ ಗೂಡಿಗೆ ದೀಪ ಹಚ್ಚುವುದು ಬಿಟ್ಟಳು, ಬಾಗಿಲಿಗೆ ರಂಗೋಲಿ ಬಿಟ್ಟಳು, ಕುಂಕುಮಕ್ಕೆ ಕರೆದ ಮನೆಗಳಿಗೆ ಬರುವಂತಿಲ್ಲ ಎಂದಳು. ಊರಲ್ಲಿ ಯಾರು ಹೋದರು ಎಂದು ಶಾರದಮ್ಮ ಕೇಳದೆ ಇರುತ್ತಾರೆಯೇ? ಅಜ್ಜಿ ಎಂದಳು. ಯಾವ ಅಜ್ಜಿ, ನಿಮ್ಮವರ ಅಜ್ಜಿ ಹೋಗಿ ಮೂವತ್ತು ವರ್ಷವಾಯಿತಲ್ಲೇ ಎಂದರು. ಸೂತಕದಲ್ಲಿದ್ದು ಸುಳ್ಳು ಹೇಳಬಾರದೆಂದು ನಾಗಮಣಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು. ಸಂಜೆಯೊಳಗೆ ತಿರುವಲ್ಲಿಕೇಣಿಯ ಕನ್ನಡದವರಿಗೆಲ್ಲ ಗೊತ್ತಾಯಿತು.

ಅತ್ತ ಆಸ್ಪತ್ರೆಯಲ್ಲಿ ಹನ್ನೊಂದನೆಯ ದಿನ ಶುದ್ಧಕ್ಕೆ ಸ್ನಾನವಾಗಬೇಕಲ್ಲ. ತಲೆಗೆ ಒಂದು ಚಮಚ ನೀರಾದರೂ ಹಾಕು ತಾಯಿ ಎಂದು ಕೆದ್ಲಾಯರು ಗೋಗರೆದರು. ನೀರು ಕಣ್ಣ ಹತ್ತಿರ ಬರಕೂಡದು ಎಂದು ಬೇಬಿ ಖಂಡಿತವಾಗಿ ಹೇಳಿ, ಒದ್ದೆ ಬಟ್ಟೆಯಲ್ಲಿ ಅವರ ಕಾಲು ಒರೆಸಿದಳು. ರೋಗಿಗೆ ಅಷ್ಟು ಸಾಕೆಂದು ಕೆದ್ಲಾಯರು ತಮ್ಮಷ್ಟಕ್ಕೆ ಮಂತ್ರ ಹೇಳಿಕೊಂಡು ಸೂತಕ ಕಳೆದುಕೊಂಡರು.

ಕಟ್ಟು ಬಿಚ್ಚಿದ ದಿನ ಮೊದಲು ಕಂಡದ್ದು ಕಿಟಕಿಯ ಸರಳು. ಆಮೇಲೆ ಬೇಬಿಯ ಬಿಳಿ ಟೊಪ್ಪಿ. ಅವಳಿಗೆ ತಮಗಿಂತಲೂ ಹೆಚ್ಚು ವಯಸ್ಸಾಗಿತ್ತು, ದನಿ ಕೇಳಿ ಚಿಕ್ಕವಳೆಂದುಕೊಂಡಿದ್ದರು. ಮನೆಗೆ ಬಂದೊಡನೆ ಅವರು ಮಾಡಿದ ಕೆಲಸ, ಉಪ್ಪಿನ ಮರಿಗೆಗೆ ಕೈ ಹಾಕಿ ಒಂದು ಹಿಡಿ ತೆಗೆದು ಅಂಗೈಯಲ್ಲಿ ದಿಟ್ಟಿಸಿದ್ದು. ಹದಿನೆಂಟು ಎಲೆಗೆ ಎಂದರು. ಖುಷಿಯಲ್ಲಿ ಗಟ್ಟಿಯಾಗಿ ನಕ್ಕರು.

ನಾಲ್ಕು ತಿಂಗಳು ಹೊಗೆಯ ಹತ್ತಿರ ಹೋಗಬಾರದೆಂದು ಡಾಕ್ಟರು ಹೇಳಿದ್ದರು, ನಗು ಆಷಾಢದವರೆಗೆ ಉಳಿಯಿತು. ಶಾರದಮ್ಮನವರ ಮನೆಯ ತಿಥಿಗೆ ವಾಡಿಕೆಯಂತೆ ಬೆಳಿಗ್ಗೆ ತಣ್ಣೀರು ಮಿಂದು, ಮಡಿಪಂಚೆ ಹಿಡಿದು ಹೋದರು. ಶಾರದಮ್ಮ ಬಾಗಿಲಲ್ಲೇ ನಿಂತಿದ್ದರು.

"ಬೇಜಾರು ಮಾಡ್ಕೋಬೇಡಿ ಕೆದ್ಲಾಯರೇ. ಆಚಾರ್ಯರು ಬೇರೆಯವರಿಗೆ ಹೇಳಿದಾರೆ. ನೀವು ಮುಂದಿನ ಕೋಣೇಲಿ ಕೂತ್ಕೊಂಡು ಕಾಫಿ ಕುಡಿದು ಹೋಗಿ."

ಒಳಗಿಂದ ಹೊಗೆ ಬರುತ್ತಿತ್ತು. ಒಲೆಯ ಮುಂದೆ ಗುಂಡಣ್ಣ ಎಂಬ ಹೊಸ ಅಡುಗೆಯವ ನಿಂತಿದ್ದ. ಕೆದ್ಲಾಯರು ಕಾಫಿ ಕುಡಿಯಲಿಲ್ಲ.

ವಿಷ್ಣುತೀರ್ಥಾಚಾರ್ಯರೆಂದರೆ ಆ ಭಾಗದ ಕನ್ನಡ ಮನೆಗಳಿಗೆಲ್ಲ ಪುರೋಹಿತರು. ಕುಂಭಕೋಣದಲ್ಲಿ ಹುಟ್ಟಿ ಬೆಳೆದ ಕನ್ನಡಿಗರು, ಎಪ್ಪತ್ತರ ಹತ್ತಿರ. ಮಾತಿನಲ್ಲಿ ಅರ್ಧ ತಮಿಳು, ನಡೆಯಲ್ಲಿ ಪೂರ್ತಿ ಶಾಸ್ತ್ರ. ಕೆದ್ಲಾಯರು ಅಲ್ಲಿಂದ ನೇರ ಅವರಲ್ಲಿಗೇ ಹೋದರು.

"ಪಾವಂ, ಅಯ್ಯೋ ಪಾಪ, ನಿನ್ನ ಮೇಲೆ ನನಗೇನು ಕೋಪ ಇಲ್ಲಪ್ಪಾ," ಎಂದರು ಆಚಾರ್ಯರು. "ಆದರೆ ಯೋಚನೆ ಮಾಡು. ಪ್ರೇತದ ಅಂಗ ಮುಖದಲ್ಲಿ ಇಟ್ಕೊಂಡು ಪಿತೃಗಳಿಗೆ ಅಡುಗೆ ಮಾಡೋದು ಹೇಗೆ? ಉಗುರು ಕತ್ತರಿಸಿದ ಹಾಗೆ ತೆಗೆದು ಬಿಸಾಕೋಕೂ ಆಗಲ್ಲ. ನೀನಿರೋವರೆಗೂ ಅದು ಇರುತ್ತೆ. ಮನೆಯವರು ಕೇಳಿದರು, ಆಗಲ್ಲ ಅಂದೆ."

ಕೆದ್ಲಾಯರು ಗುರುಹಿರಿಯರ ಎದುರು ಬಾಯಿ ಕಟ್ಟುವ ಜಾತಿ. ನಮಸ್ಕಾರ ಮಾಡಿ ಬಂದರು.

ಸುದ್ದಿ ಕೇಳಿ ಕೃಷ್ಣರಾಜ ಕೆಂಡವಾದ. "ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ! ಬನ್ನಿ ಕೆದ್ಲಾಯರೇ, ಭಾನುವಾರ ನಮ್ಮ ಸಭೆ ಇದೆ. ವೇದಿಕೆ ಮೇಲೆ ನಿಂತು ನಾಲ್ಕು ಮಾತು ಹೇಳಿ. ವಿಜ್ಞಾನ ಕೊಟ್ಟ ಕಣ್ಣನ್ನ ಧರ್ಮ ಹೇಗೆ ಹೊರಗೆ ಹಾಕ್ತು ಅಂತ ಜನಕ್ಕೆ ಗೊತ್ತಾಗಲಿ."

"ಡಾಕ್ಟರ ಕೈಗೆ ದಿನಾ ನಮಸ್ಕಾರ ಮಾಡ್ತೇನೆ ಕೃಷ್ಣರಾಜ. ಅವರ ಕೈಯಲ್ಲಿ ದೇವರಿದ್ದ ಅಂತಲೂ ಹೇಳ್ತೇನೆ. ನಿಮ್ಮ ಸಭೆಗೆ ಅದು ಆಗ್ತದಾ?"

"ಅದೊಂದು ಹೇಳಬೇಡಿ."

"ಮತ್ತೆ ನಾನು ಬಂದು ಎಂತ ಮಾಡುವುದು?"

ಕೃಷ್ಣರಾಜ ತಲೆ ಚಚ್ಚಿಕೊಂಡ. ಎರಡು ವಾರ ಮಾತಾಡಲಿಲ್ಲ. ಆದರೂ ಪ್ಯಾರೀಸ್ ಕಾರ್ನರಿನ ಹೋಟೆಲೊಂದರ ಯಜಮಾನರಿಗೆ ಹೇಳಿ ಕೆಲಸ ಕೊಡಿಸಿದ್ದು ಅವನೇ.

ಹೋಟೆಲಿನ ಅಡುಗೆಮನೆಯಲ್ಲಿ ಕೆದ್ಲಾಯರಿಗೆ ಸಾಂಬಾರಿನ ಉಸ್ತುವಾರಿ. ಬಂದರಿನ ಕೂಲಿಗಳು, ಸಗಟು ಅಂಗಡಿಗಳ ಗುಮಾಸ್ತರು, ಹೈಕೋರ್ಟಿನ ವಕೀಲರು, ಎಲ್ಲರೂ ಒಂದೇ ಹಂಡೆಯಿಂದ ಉಣ್ಣುವವರು. "ಭಟ್ರೇ, ರುಚಿ ನೋಡಿ ಹೇಳಿ," ಎಂದು ಹುಡುಗರು ಸೌಟು ಮುಂದೆ ಹಿಡಿದರೆ ಅವರು ಹಿಂದೆ ಸರಿಯುತ್ತಿದ್ದರು. ನೋಡಿಯೇ ಹೇಳುತ್ತಿದ್ದರು, ಅದು ಸರಿಯಾಗಿಯೂ ಇರುತ್ತಿತ್ತು. ಅಲ್ಲಿ ಯಾರಿಗೂ ಅವರ ಕಣ್ಣಿನ ಗೊಡವೆಯಿರಲಿಲ್ಲ, ಕೈಗೆ ಗೌರವವೂ ಇತ್ತು. ಕೆದ್ಲಾಯರು ಮಾತ್ರ ಮೂರು ವರ್ಷ ಅಲ್ಲಿ ಪರದೇಶಿಯಂತೆ ಇದ್ದರು. ತಮ್ಮದು ಇದಲ್ಲ ಎಂಬ ಸಂಕಟ ದಿನ ಬೆಳಗಾದರೆ ಅವರ ಜೊತೆ ಬಸ್ಸು ಹತ್ತುತ್ತಿತ್ತು.

ಮಹಾಲಯ ಅಮಾವಾಸ್ಯೆಯ ದಿನ ಮಾತ್ರ ರಜೆ ಹಾಕಿ, ಸಮುದ್ರದಂಡೆಗೆ ಹೋಗಿ, ಅಜ್ಜಿಗೆ ಎಳ್ಳುನೀರು ಬಿಟ್ಟು ಬರುತ್ತಿದ್ದರು. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳಬೇಕೆಂದು ಶಾಸ್ತ್ರದಲ್ಲೇ ಇದೆಯಲ್ಲ. ಹೆಸರಿನ ಜಾಗದಲ್ಲಿ ಸುಮ್ಮನೆ ಅಜ್ಜಿ ಎನ್ನುತ್ತಿದ್ದರು.

ಇತ್ತ ತಿರುವಲ್ಲಿಕೇಣಿಯಲ್ಲಿ ಗುಂಡಣ್ಣನ ರಾಜ್ಯ. ಒಳ್ಳೆಯ ಮನುಷ್ಯ, ಮಡಿಯಲ್ಲಿ ಒಂದು ಕೂದಲಿನಷ್ಟೂ ಲೋಪವಿಲ್ಲ. ಕೈ ಮಾತ್ರ ಕೆಟ್ಟ ಕೈ. ಒಂದು ದಿನ ಸಾರು ಸಮುದ್ರದ ನೀರು, ಇನ್ನೊಂದು ದಿನ ಬರೀ ಬಿಸಿನೀರು. ಆದರೆ ಶ್ರಾದ್ಧದ ಎಲೆಯ ಮುಂದೆ ಕುಳಿತವನು ಅಡುಗೆಯ ಗುಣದೋಷ ಆಡುವಂತಿಲ್ಲ. ಚೆನ್ನಾಗಿದೆ ಎನ್ನಬಾರದು, ಕೆಟ್ಟಿದೆ ಎನ್ನಲೂಬಾರದು, ಎಲೆಯಲ್ಲಿ ಬಿಡುವುದೂ ಶ್ರೇಯಸ್ಸಲ್ಲ. ವರ್ಷಕ್ಕೆ ನೂರೈವತ್ತು ಮನೆಗಳಲ್ಲಿ ಹಾಗೆ ಬಾಯಿ ಮುಚ್ಚಿಕೊಂಡು ಉಣ್ಣುತ್ತ ಬಂದವರು ಯಾರೆಂದುಕೊಂಡಿರಿ? ವಿಷ್ಣುತೀರ್ಥಾಚಾರ್ಯರು. ತಮ್ಮ ತೀರ್ಪನ್ನು ತಾವೇ ಮೂರು ವರ್ಷ ನುಂಗಿದರು.

ಅರವತ್ತೊಂದರ ಶ್ರಾವಣದ ಒಂದು ಮಧ್ಯಾಹ್ನ ಆಚಾರ್ಯರು ಕೊಡೆ ಹಿಡಿದು ಕೆದ್ಲಾಯರ ಮನೆಗೆ ಬಂದರು. ನಾಗಮಣಿ ಹಾಕಿದ ಚಾಪೆಯ ಮೇಲೆ ಕುಳಿತು, ಅದೂ ಇದೂ ಮಾತಾಡಿ, ಕಡೆಗೆ ವಿಷಯಕ್ಕೆ ಬಂದರು.

"ಒಂದು ದಾರಿ ಇದೆ ರಾಮದಾಸ. ನೀನು ಆಗ ಮಂತ್ರಾಲಯದ ಮೃತ್ತಿಕೆ ಹಚ್ಚಿದ್ದೆಯಲ್ಲ? ಅದರಿಂದಲೇ ಕಣ್ಣು ಬಂತು, ಆಸ್ಪತ್ರೆಯಲ್ಲಿ ಬರೀ ಹೂ ಕೆರೆದರು, ಹೆಣದ ಕಣ್ಣು ಗಿಣ್ಣು ಎಲ್ಲ ಹೆಂಗಸರ ಮಾತು ಅಂತ ನಾಲ್ಕು ಜನರ ಎದುರು ಹೇಳಿಬಿಡು. ನಾನು ಹೌದು ಅಂತೀನಿ. ನಾಳೆಯಿಂದಲೇ ಅಡುಗೆಗೆ ಬಾ."

ನಾಗಮಣಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನ ಮುಖ ನೋಡಿದಳು. ಅವಳಿಗಂತೂ ಒಪ್ಪಿಗೆಯೇ, ಒಂದು ಸುಳ್ಳಿಗೆ ಎಲ್ಲ ಸರಿಹೋಗುವುದಾದರೆ ಅವಳು ಹತ್ತು ಹೇಳಲು ತಯಾರಿದ್ದಳು. ಕೆದ್ಲಾಯರಿಗೂ ಶಾರದಮ್ಮನವರ ಮನೆಯ ಒಲೆ ಕಣ್ಣ ಮುಂದೆ ಬಂತು. ಹೂಂ ಎಂದರೆ ಮುಗಿಯಿತು.

"ಆಗೂದಿಲ್ಲ ಆಚಾರ್ಯರೇ," ಎಂದರು.

"ಯಾಕಪ್ಪಾ?"

"ಆ ಅಜ್ಜಿಗೆ ಈ ಲೋಕದಲ್ಲಿ ನಾನೊಬ್ಬ. ನಾನೂ ಇಲ್ಲ ಅಂದ್ರೆ ಅವಳು ಹುಟ್ಟಲೇ ಇಲ್ಲ ಅಂದ ಹಾಗೆ." ಅಷ್ಟು ಹೇಳಿದ ಮೇಲೆ ಮೂರು ವರ್ಷದಿಂದ ಒಳಗಿದ್ದದ್ದು ತಾನಾಗಿ ಹೊರಗೆ ಬಂತು. "ನಂದೊಂದು ಪ್ರಶ್ನೆ ಉಂಟು, ತಪ್ಪು ತಿಳೀಬೇಡಿ. ಅವಳು ನನಗೆ ಏನೂ ಸಂಬಂಧ ಅಲ್ಲ ಅಂತಾದ್ರೆ, ಹೆಣ ಮುಟ್ಟಿದ್ದಕ್ಕೆ ಒಂದು ಸ್ನಾನ. ಅದು ಆಯ್ತು. ಸಂಬಂಧ ಹೌದು ಅಂತಾದ್ರೆ ಹತ್ತು ದಿನ ಸೂತಕ. ಅದನ್ನೂ ಹಿಡಿದಿದ್ದೇನೆ, ಮರಳಿನ ಚೀಲದ ನಡುವೆ ಮಲಗಿ ಹಿಡಿದಿದ್ದೇನೆ, ಇವಳೂ ಹಿಡಿದಿದ್ದಾಳೆ. ಹೆತ್ತ ಅಪ್ಪ ಸತ್ತರೂ ಹತ್ತು ದಿನ, ಹೆಚ್ಚಂದ್ರೆ ಒಂದು ವರ್ಷದ ನೇಮ. ಸಾಯುವವರೆಗೆ ಸೂತಕ ಅಂತ ಯಾವ ಪುಸ್ತಕದಲ್ಲಿ ಉಂಟು? ತೋರಿಸಿ. ಇದ್ರೆ ನಾನು ಮತ್ತೆ ಕೇಳೂದಿಲ್ಲ."

ಆಚಾರ್ಯರು ಬಹಳ ಹೊತ್ತು ಚಾಪೆಯ ಕಡ್ಡಿ ಕೀಳುತ್ತ ಕುಳಿತರು. ನಾಗಮಣಿ ತಂದ ಮಜ್ಜಿಗೆಯನ್ನೂ ಮುಟ್ಟದೆ ಕೊಡೆ ಬಿಚ್ಚಿಕೊಂಡು ಹೊರಟುಹೋದರು.

"ಬಾಗಿಲಿಗೆ ಬಂದ ಭಾಗ್ಯವನ್ನು ಕಾಲಲ್ಲಿ ಒದ್ದಿರಲ್ಲ," ಎಂದು ನಾಗಮಣಿ ಅಂದು ಊಟ ಮಾಡಲಿಲ್ಲ. ಕೆದ್ಲಾಯರಿಗೂ ಹಸಿವಾಗಲಿಲ್ಲ.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಅವರು ಎಳ್ಳುನೀರು ಸಾಲದು, ಅಜ್ಜಿಗೆ ಅಡುಗೆ ಮಾಡಿಯೇ ಬಡಿಸಬೇಕು ಎಂದು ತೀರ್ಮಾನಿಸಿದರು. ಬೇರೆಯವರ ಒಲೆಯ ಮುಂದೆ ನಿಲ್ಲಲು ಬಿಡುವುದಿಲ್ಲ ತಾನೇ? ನನ್ನ ಒಲೆ ನನ್ನದು. ಎಲೆಗೆ ಕುಳಿತುಕೊಳ್ಳಲು ಬ್ರಾಹ್ಮಣರು ಬರುವುದಿಲ್ಲವೆಂದು ಗೊತ್ತಿತ್ತು. ಕರೆದು ಮುಜುಗರ ಮಾಡಲಿಲ್ಲ. ಜನ ಸಿಗದಿದ್ದರೆ ದರ್ಭೆಯ ಕೂರ್ಚವನ್ನು ಮಣೆಯ ಮೇಲಿಟ್ಟು ಬಡಿಸಬಹುದು, ಅದಕ್ಕೂ ವಿಧಿಯಿದೆ. ಬೆಳಿಗ್ಗೆ ಮಿಂದು ಒಲೆ ಹಚ್ಚಿದರು. ಹಾಗಲಕಾಯಿ, ಬಾಳೆಕಾಯಿ, ಹೆಸರುಬೇಳೆ ಪಾಯಸ, ಎಳ್ಳುಂಡೆ, ಉದ್ದಿನ ವಡೆ. ನಾಗಮಣಿ ಮುನಿಸು ಮರೆತು ತೆಂಗಿನಕಾಯಿ ತುರಿದುಕೊಟ್ಟಳು. ಮಹಡಿಯಿಂದ ಕೃಷ್ಣರಾಜ ಇಳಿದು ಬಂದು, "ನನ್ನ ಕೈಲಿ ಮಂತ್ರ ಗಿಂತ್ರ ಆಗಲ್ಲ," ಎನ್ನುತ್ತ ನಾಲ್ಕು ಬಾಳೆಎಲೆ ಕೊಟ್ಟು ಹೋದ.

ಮಧ್ಯಾಹ್ನ ದಾಟಿತು. ದೇವರಿಗೊಂದು ಅಜ್ಜಿಗೊಂದು ಎರಡು ಮಣೆ ಹಾಕಿ, ಎರಡು ಕೂರ್ಚ ಇಟ್ಟು, ಕೆದ್ಲಾಯರು ಸಂಕಲ್ಪಕ್ಕೆ ಕೈಯಲ್ಲಿ ನೀರು ತೆಗೆದುಕೊಳ್ಳುವ ಹೊತ್ತಿಗೆ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ವಿಷ್ಣುತೀರ್ಥಾಚಾರ್ಯರು, ಒದ್ದೆ ಪಂಚೆಯಲ್ಲಿ, ಬೆವರು ಸುರಿಸುತ್ತ ನಿಂತಿದ್ದರು. ವರ್ಷದಲ್ಲಿ ಅವರಿಗೆ ಉಸಿರಾಡಲು ಬಿಡುವಿಲ್ಲದ ದಿನ ಅದು. ಒಂದು ಕಡೆ ಉಂಡರೆ ಅಂದು ಇನ್ನೊಂದು ಮನೆಯಲ್ಲಿ ಉಣ್ಣುವಂತೆಯೂ ಇಲ್ಲ.

"ಎರಡು ತಿಂಗಳು ಹುಡುಕಿದೆ," ಎಂದರು ಆಚಾರ್ಯರು. "ಇದ್ದಬದ್ದ ಪುಸ್ತಕ ಎಲ್ಲ ತೆಗೆದು ನೋಡಿದೆ. ನೀನು ಕೇಳಿದ್ದು ಎಲ್ಲೂ ಇಲ್ಲಪ್ಪಾ."

ಒಳಗೆ ಬಂದು ಅಜ್ಜಿಯ ಮಣೆಯ ಮೇಲಿನ ಕೂರ್ಚವನ್ನು ಎತ್ತಿ ಪಕ್ಕಕ್ಕಿಟ್ಟು, ಆ ಜಾಗದಲ್ಲಿ ಅಜ್ಜಿಯಾಗಿ ಕುಳಿತರು. ಕುಳಿತೇ ಮಂತ್ರ ಹೇಳಿಸಿದರು. ಹೆಸರಿನ ಜಾಗ ಬಂದಾಗ ಕೆದ್ಲಾಯರು ಎಂದಿನಂತೆ ಅಜ್ಜಿ ಎಂದರು, ಆಚಾರ್ಯರು ತಿದ್ದಲಿಲ್ಲ.

ಕೆದ್ಲಾಯರು ಬಡಿಸಿದರು. ಆಚಾರ್ಯರು ತಲೆ ತಗ್ಗಿಸಿ, ಒಂದು ಮಾತಿಲ್ಲದೆ, ಸಾರನ್ನು ಮೂರು ಸಲ ಹಾಕಿಸಿಕೊಂಡು, ಎಲೆಯಲ್ಲಿ ಒಂದು ಅಗುಳೂ ಬಿಡದೆ ಉಂಡರು. ಊಟ ಮುಗಿದ ಮೇಲೆ, ಬಂದ ಹಿರಿಯರಿಗೆ ತೃಪ್ತಿಯಾಯಿತೇ ಎಂದು ಕೇಳುವುದು ಕ್ರಮ. ಕೆದ್ಲಾಯರು ಕೈಮುಗಿದು ಸಂಸ್ಕೃತದಲ್ಲಿ ಕೇಳಿದರು.

"ತೃಪ್ತಾಃ ಸ್ಮಃ," ಎಂದರು ಆಚಾರ್ಯರು. ತೃಪ್ತರಾದೆವು.

ಕೈ ತೊಳೆದು ಬಂದು, ಅಂಗವಸ್ತ್ರದಲ್ಲಿ ಬಾಯಿ ಒರೆಸಿಕೊಳ್ಳುತ್ತ, ಏನೂ ಆಗದವರಂತೆ ಹೇಳಿದರು: "ಬರೋ ದ್ವಾದಶಿ ಶಾರದಮ್ಮನ ಮನೇಲಿ ಅವಳ ಅತ್ತೆ ತಿವಸ, ಶ್ರಾದ್ಧ. ಬೇಗ ಬಾ. ಒಲೆ ಹತ್ರ ನೀನೇ ನಿಂತ್ಕೋ. ಯಾರಾದರೂ ಕೇಳಿದರೆ, ಆಚಾರ್ಯರು ನನ್ನ ಮನೇಲಿ ಉಂಡಿದಾರೆ ಅಂತ ಹೇಳು."

ಕೆದ್ಲಾಯರಿಗೆ ತಡೆಯಲಾಗಲಿಲ್ಲ. ಬಲಗಣ್ಣಿನಿಂದ ನೀರು ಇಳಿದು ಮೀಸೆಗೆ ಬಂತು.

"ಏಯ್, ಏನಿದು! ತಿವಸದ ದಿನ ಅಳಬಾರದು," ಎಂದು ಆಚಾರ್ಯರು ಗದರಿದರು. "ಕಣ್ಣೀರು ಬಿದ್ದರೆ ಇಟ್ಟ ಅನ್ನ ಪಿತೃಗಳಿಗೆ ಸೇರಲ್ಲ. ಒರೆಸ್ಕೋ."

"ನಾನಲ್ಲ ಆಚಾರ್ಯರೇ ಅಳೂದು," ಎಂದರು ಕೆದ್ಲಾಯರು. "ಅಜ್ಜಿ."

ಆಚಾರ್ಯರು ಆ ಕಣ್ಣನ್ನು ಮೊದಲ ಸಲ ಹತ್ತಿರದಿಂದ ನೋಡಿದರು.

"ಹಾಗಾದ್ರೆ ಅಳಲಿ ಬಿಡು, ಪಾವಂ," ಎಂದರು. "ಅವಳ ಊಟ ಆಯ್ತಲ್ಲ."